ನಮ್ಮ ತಾರಸಿಯ ಕರೆಂಟಿಗೆ ಬೆಲೆ ಕಟ್ಟುವವರು ಯಾರು?

ಮೈಸೂರಿನಲ್ಲಿ ಸೋಲಾರ್ ಅಂದರೆ ತುಂಬಾ ವರ್ಷ ಬಿಸಿನೀರಿನ ಟ್ಯಾಂಕ್ ಅಂತಲೇ ಅರ್ಥವಿತ್ತು. ಈಗ ಹಾಗಿಲ್ಲ. ವಿಜಯನಗರ, ಬೋಗಾದಿ, ಕುವೆಂಪುನಗರದ ತಾರಸಿಗಳ ಮೇಲೆ ಕರೆಂಟ್ ಮಾಡುವ ಪ್ಯಾನೆಲ್‌ಗಳೂ ಬಂದಿವೆ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಂ ಸೂರ್ಯಘರ್ ಯೋಜನೆ ಶುರು ಮಾಡಿತು. ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿವರೆಗೆ ಸಹಾಯಧನ. ಅದಾದ ಮೇಲೆ ವಿಚಾರಿಸುವವರು ಜಾಸ್ತಿಯಾಗಿದ್ದಾರೆ.

ವಿಚಾರಿಸುವವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: ಉಳಿದ ಕರೆಂಟಿಗೆ ಎಷ್ಟು ಕೊಡ್ತಾರೆ? ಇದಕ್ಕೆ ಒಂದೇ ಉತ್ತರ ಇಲ್ಲ. ಒಂದೇ ಬೀದಿಯಲ್ಲಿ, ಒಂದೇ ಅಳತೆಯ ಪ್ಯಾನೆಲ್ ಹಾಕಿಸಿದ ಇಬ್ಬರಿಗೆ ಬೇರೆ ಬೇರೆ ದರ ಸಿಗಬಹುದು. ಹಿಂದೆ ಒಪ್ಪಂದ ಮಾಡಿಕೊಂಡವರಿಗೆ ಯೂನಿಟ್‌ಗೆ 9 ರೂಪಾಯಿ 56 ಪೈಸೆ, ಈಚೆಗೆ ಬಂದವರಿಗೆ ಅದರ ಅರ್ಧವೂ ಇಲ್ಲ. ಇದರಲ್ಲಿ ಯಾರೂ ಯಾರಿಗೂ ಮೋಸ ಮಾಡಿಲ್ಲ. ಹಾಗಾದರೆ ಹೀಗೇಕೆ? ಅದು ಗೊತ್ತಾಗಬೇಕಾದರೆ ಬೆಲೆ ಯಾರು ಕಟ್ಟುತ್ತಾರೆ, ಯಾವ ದಿನದ ಲೆಕ್ಕದಲ್ಲಿ ಕಟ್ಟುತ್ತಾರೆ ಅನ್ನುವುದು ತಿಳಿಯಬೇಕು.

ಮಾಡುವುದಕ್ಕೆ ಲೈಸೆನ್ಸ್ ಬೇಡ

ದೇಶಕ್ಕೆಲ್ಲ ಅನ್ವಯವಾಗುವ ಕಾನೂನು 2003ರ ವಿದ್ಯುತ್ ಕಾಯ್ದೆ. ಅದರ 7ನೇ ಸೆಕ್ಷನ್ ಪ್ರಕಾರ ಕರೆಂಟ್ ಉತ್ಪಾದನೆ ಮಾಡಲು ಲೈಸೆನ್ಸ್ ಬೇಕಿಲ್ಲ. ತಾರಸಿ ಮೇಲೆ 2 ಕಿಲೋವ್ಯಾಟ್ ಹಾಕಿಸುವವರಿಗೂ, ಕಾಲುವೆ ಮೇಲೆ ಟರ್ಬೈನ್ ಕೂರಿಸುವ ಕಂಪನಿಗೂ ಇದು ಅನ್ವಯಿಸುತ್ತದೆ.

ಹಾಗಂತ ಪಕ್ಕದ ಮನೆಗೆ ತಂತಿ ಎಳೆದು ಕರೆಂಟ್ ಮಾರುವಂತಿಲ್ಲ. ವಿತರಣೆಗೆ ಲೈಸೆನ್ಸ್ ಬೇಕು. ಮೈಸೂರು, ಮಂಡ್ಯ, ಚಾಮರಾಜನಗರ, ಕೊಡಗು, ಹಾಸನ ಈ ಐದು ಜಿಲ್ಲೆಗಳಲ್ಲಿ ಆ ಲೈಸೆನ್ಸ್ ಇರುವುದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಕ್ಕೆ, ಅಂದರೆ ನಾವೆಲ್ಲ ಹೇಳುವ ಸೆಸ್ಕ್‌ಗೆ. ಹಾಗಾಗಿ ತಾರಸಿಯಿಂದ ಹೊರಗೆ ಹೋಗುವ ಕರೆಂಟಿಗೆ ಸಾಮಾನ್ಯವಾಗಿ ಕೊಳ್ಳುವವರು ಒಬ್ಬರೇ. ಒಬ್ಬರೇ ಇದ್ದಾಗ ಬೆಲೆಯನ್ನು ಅವರ ಇಷ್ಟಕ್ಕೆ ಬಿಡಲಾಗದು, ಮಾರುವವರ ಇಷ್ಟಕ್ಕೂ ಬಿಡಲಾಗದು. ಆಯೋಗ ಬೇಕಾಗುವುದು ಇಲ್ಲೇ.

ಆಯೋಗ ಅಂದರೆ ಏನು?

ಮೊದಲು ಕೆಇಬಿ, ಅಂದರೆ ಕರ್ನಾಟಕ ವಿದ್ಯುತ್ ಮಂಡಳಿ ಇತ್ತು. ಕರೆಂಟ್ ತಯಾರಿಯ ಒಂದಷ್ಟು ಭಾಗ, ಸಾಗಣೆ, ಮನೆಗೆ ತಲುಪಿಸುವುದು ಎಲ್ಲಾ ಸರ್ಕಾರದ ಕೈಯಲ್ಲೇ ಇತ್ತು. ದರವೂ ಅಲ್ಲೇ ನಿರ್ಧಾರವಾಗುತ್ತಿತ್ತು. 1999ರಲ್ಲಿ ಕರ್ನಾಟಕ ವಿದ್ಯುತ್ ಸುಧಾರಣಾ ಕಾಯ್ದೆ ಜಾರಿಗೆ ಬಂತು. ಕೆಇಬಿ ಹೋಗಿ ಸಾಗಣೆ ನೋಡಿಕೊಳ್ಳುವ ಕೆಪಿಟಿಸಿಎಲ್ ಬಂತು. ಅದೇ ವರ್ಷ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವೂ ಹುಟ್ಟಿತು. ಪತ್ರಿಕೆಗಳಲ್ಲಿ ಬರುವ ಕೆಇಆರ್‌ಸಿ ಇದೇ. ವಿತರಣಾ ಕಂಪನಿಗಳು 2002ರಲ್ಲಿ ಬೇರೆಯಾದವು. ಆಗ ನಮ್ಮ ಜಿಲ್ಲೆಗಳು ಮಂಗಳೂರಿನ ಮೆಸ್ಕಾಂ ಕಂಪನಿಯ ಕೆಳಗಿದ್ದವು, ಸೆಸ್ಕ್ ಅದರಿಂದ ಆಮೇಲೆ ಒಡೆದು ಬಂತು.

ಆಯೋಗ ಸರ್ಕಾರದ ಇಲಾಖೆ ಅಲ್ಲ. ಕೋರ್ಟಿನ ಹಾಗೆ ಎರಡೂ ಕಡೆಯ ವಾದ ಕೇಳಿ, ಕಾರಣ ಬರೆದು ಆದೇಶ ಕೊಡುತ್ತದೆ. ಸೆಸ್ಕ್ ಯಾರಿಂದ ಯಾವ ದರಕ್ಕೆ ಕರೆಂಟ್ ಕೊಳ್ಳಬೇಕು ಅನ್ನುವುದಕ್ಕೆ ಅದರ ಒಪ್ಪಿಗೆ ಬೇಕು. ನಮಗೆ ಯಾವ ದರಕ್ಕೆ ಮಾರಬೇಕು ಅನ್ನುವುದನ್ನೂ ಅದೇ ಹೇಳುತ್ತದೆ. ಸೂರ್ಯ, ಗಾಳಿ, ನೀರು, ಕಬ್ಬಿನ ಸಿಪ್ಪೆಯಂಥ ಮೂಲಗಳಿಗೆ ಉತ್ತೇಜನ ಕೊಡುವುದೂ 2003ರ ಕಾಯ್ದೆಯ 86ನೇ ಸೆಕ್ಷನ್‌ನಲ್ಲಿ ಅದಕ್ಕೆ ಒಪ್ಪಿಸಿದ ಕೆಲಸ. ಸೆಸ್ಕ್‌ನಂಥ ಕಂಪನಿಗಳು ತಾವು ಕೊಳ್ಳುವ ಕರೆಂಟಿನಲ್ಲಿ ಇಂತಿಷ್ಟು ಪಾಲು ಇಂಥ ಮೂಲಗಳಿಂದ ಬಂದಿರಲೇಬೇಕು ಎಂಬ ಕಡ್ಡಾಯವೂ ಇಲ್ಲಿಂದಲೇ ಹುಟ್ಟಿದ್ದು.

ಕ್ರೆಡಲ್ ಎಂಬ ಇನ್ನೊಂದು ಹೆಸರೂ ಕಿವಿಗೆ ಬೀಳುತ್ತದೆ. ಅದು 1996ರಲ್ಲಿ ಶುರುವಾದ ರಾಜ್ಯ ಸರ್ಕಾರದ ಸಂಸ್ಥೆ. ಇಂಥ ಮೂಲಗಳ ಯೋಜನೆಗಳನ್ನು ಹಂಚುವುದು, ನೋಡಿಕೊಳ್ಳುವುದು ಅದರ ಕೆಲಸ. ದರ ನಿಗದಿ ಅದರ ಕೈಯಲ್ಲಿಲ್ಲ.

ಡೇರಿಗೆ ಹಾಲು ಹಾಕಿದ ಹಾಗೆ

ಮಂಡ್ಯದ ಕಡೆಯವರಿಗೆ ಇದನ್ನು ಅರ್ಥ ಮಾಡಿಕೊಳ್ಳುವುದು ಸುಲಭ. ಮನೆಗೆ ಬೇಕಾದಷ್ಟು ಹಾಲು ಇಟ್ಟುಕೊಂಡು ಉಳಿದದ್ದನ್ನು ಬೆಳಗ್ಗೆ ಡೇರಿಗೆ ಹಾಕುತ್ತಾರೆ. ಅಳತೆ ಆಗುತ್ತದೆ, ಚೀಟಿ ಬರುತ್ತದೆ, ದುಡ್ಡು ಖಾತೆಗೆ ಬೀಳುತ್ತದೆ. ಲೀಟರಿಗೆ ಎಷ್ಟು ಅನ್ನುವುದನ್ನು ಹಾಲು ಹಾಕುವವರು ಹೇಳುವುದಿಲ್ಲ. ಸೋಲಾರ್ ಕರೆಂಟೂ ಹಾಗೆಯೇ. ಮನೆಗೆ ಬಳಸಿ ಉಳಿದದ್ದು ಬೀದಿಯ ಲೈನಿಗೆ ಹೋಗುತ್ತದೆ, ಮೀಟರ್ ಅಳೆಯುತ್ತದೆ, ಬಿಲ್ಲಿನಲ್ಲಿ ಲೆಕ್ಕ ಬರುತ್ತದೆ.

ಆದರೆ ದೊಡ್ಡ ವ್ಯತ್ಯಾಸ ಒಂದಿದೆ. ಹಾಲನ್ನು ತಣ್ಣಗೆ ಮಾಡಿ ಸಂಜೆವರೆಗೆ ಇಡಬಹುದು. ಲೈನಿಗೆ ಹೋದ ಕರೆಂಟ್ ಆ ಗಳಿಗೆಯಲ್ಲೇ ಎಲ್ಲೋ ಒಂದು ಕಡೆ ಬಳಕೆ ಆಗಲೇಬೇಕು. ನಮ್ಮ ಪ್ಯಾನೆಲ್ ಮಧ್ಯಾಹ್ನ 12ಕ್ಕೆ ಜೋರಾಗಿ ಕೊಡುತ್ತದೆ. ಊರಿಗೆ ಕರೆಂಟ್ ಜಾಸ್ತಿ ಬೇಕಾಗುವುದು ಸಂಜೆ ದೀಪ ಹಚ್ಚುವ ಹೊತ್ತಿಗೆ. ಆ ಹೊತ್ತಿಗೆ ಸೆಸ್ಕ್ ಬೇರೆ ಕಡೆಯಿಂದ ಕೊಂಡು ತರಬೇಕು. ನಾವು ಕೊಡುವ ಯೂನಿಟ್‌ಗೂ ನಾವು ಕೊಳ್ಳುವ ಯೂನಿಟ್‌ಗೂ ದರ ಒಂದೇ ಇರದಿರುವುದಕ್ಕೆ ಇದು ಒಂದು ಕಾರಣ. ತಂತಿ, ಕಂಬ, ಟ್ರಾನ್ಸ್‌ಫಾರ್ಮರ್, ಪವರ್‌ಮ್ಯಾನ್‌ಗಳ ಸಂಬಳ ಇನ್ನೊಂದು ಕಾರಣ.

ಮೀಟರ್ ಎರಡೂ ಕಡೆ ಓದುತ್ತದೆ

ಸೋಲಾರ್ ಹಾಕಿಸಿದ ಮೇಲೆ ಹಳೆ ಮೀಟರ್ ಹೋಗಿ ಎರಡೂ ದಿಕ್ಕು ಅಳೆಯುವ ಮೀಟರ್ ಬರುತ್ತದೆ. ಅದರ ಪರದೆ ಕೆಲವು ಸೆಕೆಂಡಿಗೊಮ್ಮೆ ತಾನೇ ಬದಲಾಗುತ್ತಿರುತ್ತದೆ. ಒಂದು ಸಂಖ್ಯೆ ಇಂಪೋರ್ಟ್, ಅಂದರೆ ಲೈನಿನಿಂದ ನಾವು ತೆಗೆದುಕೊಂಡದ್ದು. ಇನ್ನೊಂದು ಎಕ್ಸ್‌ಪೋರ್ಟ್, ಅಂದರೆ ನಾವು ಲೈನಿಗೆ ಕೊಟ್ಟದ್ದು. ಪ್ಯಾನೆಲ್ ಒಟ್ಟು ಎಷ್ಟು ಉತ್ಪಾದಿಸಿತು ಅನ್ನುವುದು ಈ ಎರಡರಲ್ಲೂ ಕಾಣುವುದಿಲ್ಲ. ಅದಕ್ಕೆ ಇನ್ವರ್ಟರ್ ಪಕ್ಕದ ಇನ್ನೊಂದು ಮೀಟರ್ ನೋಡಬೇಕು. ಈ ಮೂರನ್ನು ಕಲಸಿಕೊಂಡು ಗಾಬರಿಯಾಗುವವರು ತುಂಬಾ ಜನ.

ಒಂದು ಉದಾಹರಣೆ ನೋಡೋಣ. 3 ಕಿಲೋವ್ಯಾಟ್ ಪ್ಯಾನೆಲ್ ನಮ್ಮ ಕಡೆ ಬಿಸಿಲಿಗೆ ದಿನಕ್ಕೆ ಸುಮಾರು 12 ಯೂನಿಟ್, ತಿಂಗಳಿಗೆ 360 ಯೂನಿಟ್ ಕೊಡುತ್ತದೆ ಅಂತಿಟ್ಟುಕೊಳ್ಳಿ. ಹಗಲು ಫ್ರಿಜ್, ಮಿಕ್ಸಿ, ನೀರಿನ ಮೋಟರ್‌ಗೆ 100 ಯೂನಿಟ್ ಮನೆಯಲ್ಲೇ ಖರ್ಚಾಯಿತು. ಉಳಿದ 260 ಲೈನಿಗೆ ಹೋಯಿತು. ಸಂಜೆ, ರಾತ್ರಿ ಹೊತ್ತು ಲೈನಿನಿಂದ 230 ತೆಗೆದುಕೊಂಡಿರಿ. ನೆಟ್ ಮೀಟರಿಂಗ್‌ನಲ್ಲಿ 260ರಿಂದ 230 ಕಳೆಯುತ್ತಾರೆ. ಉಳಿದ 30 ಯೂನಿಟ್‌ಗೆ ಆಯೋಗ ಹೇಳಿದ ದರದಲ್ಲಿ ದುಡ್ಡು ನಿಮಗೆ ಬರಬೇಕು.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಒಟ್ಟು 360ರಲ್ಲಿ 330 ಯೂನಿಟ್ ನಿಮ್ಮ ಬಿಲ್ ಉಳಿಸಿದವು. 2025–26ರ ಗೃಹಬಳಕೆ ದರ ಯೂನಿಟ್‌ಗೆ 5 ರೂಪಾಯಿ 80 ಪೈಸೆ. ಆ ಲೆಕ್ಕದಲ್ಲಿ ಉಳಿತಾಯ 1,914 ರೂಪಾಯಿ. ಮಾರಾಟದ ದರ ಸಿಗುವುದು ಬರೀ 30 ಯೂನಿಟ್‌ಗೆ. ಅಂದರೆ ಮನೆಯವರಿಗೆ ಸೋಲಾರ್‌ನ ಲಾಭ ಇರುವುದು ಉಳಿತಾಯದಲ್ಲಿ, ಮಾರಾಟದಲ್ಲಿ ಅಲ್ಲ. ಮನೆ ಬಳಕೆಗಿಂತ ತುಂಬಾ ದೊಡ್ಡ ಘಟಕ ಹಾಕಿಸಿದರೆ ಜಾಸ್ತಿಯಾದ ಪ್ರತಿ ಯೂನಿಟ್ ಕಡಿಮೆ ದರಕ್ಕೇ ಹೋಗುತ್ತದೆ. ಮಾರುವವರು "ದೊಡ್ಡದೇ ಹಾಕಿಸಿ ಸಾರ್, ಪ್ರತಿ ತಿಂಗಳು ದುಡ್ಡು ಬರುತ್ತೆ" ಅಂದಾಗ ಈ ಲೆಕ್ಕ ಕೈಯಲ್ಲಿರಲಿ.

ಸೊನ್ನೆ ಬಿಲ್ ಅಂತ ಕೆಲವರು ಹೇಳುತ್ತಾರೆ, ಅದು ಪೂರ್ತಿ ಸರಿಯಲ್ಲ. ನಿಗದಿತ ಶುಲ್ಕ ಕೊಡಲೇಬೇಕು. 2025–26ರಲ್ಲಿ ಅದು ಕಿಲೋವ್ಯಾಟ್‌ಗೆ ತಿಂಗಳಿಗೆ 145 ರೂಪಾಯಿ. ಹಿಂದಿನ ವರ್ಷ 120 ಇತ್ತು. ಅದೇ ಆದೇಶದಲ್ಲಿ ಯೂನಿಟ್ ದರ ಮಾತ್ರ 10 ಪೈಸೆ ಇಳಿಯಿತು. ಸೋಲಾರ್ ಇರುವವರಿಗೆ ಈ ಬದಲಾವಣೆ ಮುಖ್ಯ: ಪ್ಯಾನೆಲ್ ಯೂನಿಟ್ ಉಳಿಸುತ್ತದೆ, ನಿಗದಿತ ಶುಲ್ಕ ಉಳಿಸುವುದಿಲ್ಲ.

ಗ್ರಾಸ್ ಮೀಟರಿಂಗ್ ಎಂಬ ಇನ್ನೊಂದು ಬಗೆಯೂ ಇದೆ. ಅದರಲ್ಲಿ ಪ್ಯಾನೆಲ್‌ನ ಪೂರ್ತಿ ಕರೆಂಟ್ ಸೆಸ್ಕ್‌ಗೆ ಮಾರಾಟ, ಮನೆಯ ಬಳಕೆಗೆ ಮಾಮೂಲಿ ಬಿಲ್. ಎರಡೂ ಬಗೆಗಳಿಗೆ ಆಯೋಗದ 2016ರ ತಾರಸಿ ಸೋಲಾರ್ ನಿಯಮಗಳಲ್ಲಿ ಜಾಗ ಇದೆ.

ಗೃಹಜ್ಯೋತಿ ಇದ್ದವರಿಗೆ?

2023ರ ಆಗಸ್ಟ್‌ನಿಂದ ಗೃಹಜ್ಯೋತಿಯಲ್ಲಿ 200 ಯೂನಿಟ್ ಮಿತಿಯೊಳಗೆ, ಹಿಂದಿನ ಸರಾಸರಿಗೆ ಶೇ 10 ಸೇರಿಸಿದಷ್ಟು ಬಳಕೆ ಉಚಿತ. ಆ ದುಡ್ಡನ್ನು ರಾಜ್ಯ ಸರ್ಕಾರ ಸೆಸ್ಕ್‌ಗೆ ಕಟ್ಟಿಕೊಡುತ್ತದೆ. ಆಯೋಗದ ದರ ಅದರಿಂದ ಬದಲಾಗುವುದಿಲ್ಲ. ಸರ್ಕಾರ ಯಾರಿಗಾದರೂ ರಿಯಾಯಿತಿ ಕೊಡಬೇಕಾದರೆ ಅದರ ಹಣವನ್ನು ಮುಂಚಿತವಾಗಿ ಕೊಡಬೇಕು ಅಂತ ಕಾಯ್ದೆಯ 65ನೇ ಸೆಕ್ಷನ್ ಹೇಳುತ್ತದೆ. ರೈತರ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಉಚಿತ ಕರೆಂಟ್ ಬರುವುದೂ ಇದೇ ದಾರಿಯಲ್ಲಿ.

ಈಗಾಗಲೇ ಬಿಲ್ ಸೊನ್ನೆ ಇರುವ ಮನೆಗೆ ಉಳಿಸಲು ಬಿಲ್ಲೇ ಇಲ್ಲ ಅಲ್ವಾ? ಹಾಗಾಗಿ ಹಾಕಿದ ಬಂಡವಾಳ ಎಷ್ಟು ವರ್ಷಕ್ಕೆ ವಾಪಸ್ ಬರುತ್ತದೆ ಅನ್ನುವ ಲೆಕ್ಕ 80 ಯೂನಿಟ್ ಬಳಸುವ ಮನೆಗೆ ಒಂದು ಥರ, 400 ಯೂನಿಟ್ ಬಳಸುವ ಮನೆಗೆ ಬೇರೆಯೇ ಥರ.

ದರ ಹುಟ್ಟುವುದು ಹೇಗೆ?

ಆಯೋಗ ಸುಮ್ನೆ ಒಂದು ಸಂಖ್ಯೆ ಬರೆಯುವುದಿಲ್ಲ. ಮೊದಲು ಘಟಕ ಕಟ್ಟಲು ಆಗುವ ಖರ್ಚು ನೋಡುತ್ತದೆ. ಅದರಲ್ಲಿ ಶೇ 70 ಸಾಲ, ಶೇ 30 ಸ್ವಂತ ಹಣ ಅಂತ ಹಿಡಿಯುವುದು ರೂಢಿ. ಸಾಲಕ್ಕೆ ಬಡ್ಡಿ, ಸ್ವಂತ ಹಣಕ್ಕೆ ಒಂದಿಷ್ಟು ಲಾಭ, ನಿರ್ವಹಣೆ ಖರ್ಚು, ಯಂತ್ರದ ಸವಕಳಿ ಎಲ್ಲಾ ಕೂಡಿಸುತ್ತದೆ. ಆಮೇಲೆ ಆ ಘಟಕ ವರ್ಷಕ್ಕೆ ಎಷ್ಟು ಯೂನಿಟ್ ಕೊಡಬಲ್ಲದು ಅಂತ ಅಂದಾಜು ಮಾಡುತ್ತದೆ. ಖರ್ಚನ್ನು ಯೂನಿಟ್‌ಗೆ ಭಾಗಿಸಿದರೆ ದರ. ಸೋಲಾರ್‌ಗೆ ಸಾಮರ್ಥ್ಯದ ಸುಮಾರು ಶೇ 19ರಷ್ಟು ಉತ್ಪಾದನೆ ಅಂತ ಹಿಡಿದರೆ, 1 ಕಿಲೋವ್ಯಾಟ್ ವರ್ಷಕ್ಕೆ 1,660 ಯೂನಿಟ್‌ನಷ್ಟು ಕೊಡುತ್ತದೆ. ಮೋಡ, ರಾತ್ರಿ, ಧೂಳು ಎಲ್ಲಾ ಸೇರಿದ ಲೆಕ್ಕ ಅದು.

ಈ ಲೆಕ್ಕದಲ್ಲಿ ಒಂದು ಸಂಖ್ಯೆ ಮಾತ್ರ ಹತ್ತು ವರ್ಷದಲ್ಲಿ ಬಿದ್ದುಹೋಯಿತು: ಪ್ಯಾನೆಲ್ ಬೆಲೆ. 2013ರ ಅಕ್ಟೋಬರ್ ಆದೇಶದಲ್ಲಿ ಸಹಾಯಧನ ಪಡೆಯದ ತಾರಸಿ ಘಟಕಕ್ಕೆ 9.56 ರೂಪಾಯಿ, ಪಡೆದವರಿಗೆ 7.20. 2016ರಲ್ಲಿ 10 ಕಿಲೋವ್ಯಾಟ್‌ವರೆಗೆ ಸಹಾಯಧನವಿಲ್ಲದೆ 7.08. ಆಮೇಲಿನ ಆದೇಶಗಳಲ್ಲಿ ಅದು ಮೂರು, ನಾಲ್ಕು ರೂಪಾಯಿ ಆಸುಪಾಸಿಗೆ ಇಳಿಯಿತು. ಹೊಸಬರಿಗೆ ಅನ್ಯಾಯವಾಯಿತು ಅನ್ನಿಸುವುದು ಸಹಜ. ಆದರೆ 2013ರಲ್ಲಿ ಹಾಕಿಸಿದವರು ಪ್ಯಾನೆಲ್‌ಗೆ ಸುರಿದ ದುಡ್ಡೂ ಅಷ್ಟೇ ದೊಡ್ಡದು. ಹಳೆಯ ದರವನ್ನು ಹೊಸ ಬೆಲೆಯ ಪ್ಯಾನೆಲ್‌ಗೆ ಕೊಟ್ಟರೆ ಆ ಹೊರೆ ಸೋಲಾರ್ ಇಲ್ಲದ ಮನೆಗಳ ಬಿಲ್ಲಿಗೆ ಬೀಳುತ್ತದೆ. ಸೆಸ್ಕ್ ಖರ್ಚು ಮಾಡುವ ಪ್ರತಿ ಪೈಸೆಯೂ ಕೊನೆಗೆ ಗ್ರಾಹಕರಿಂದಲೇ ಬರಬೇಕಲ್ಲ.

ತಾರೀಕಿನ ಜಗಳ

ಒಪ್ಪಂದಕ್ಕೆ ಸಹಿ ಹಾಕಿದ ದರವೇ ಅದರ ಪೂರ್ತಿ ಅವಧಿಗೆ, ಸಾಮಾನ್ಯವಾಗಿ 25 ವರ್ಷಕ್ಕೆ. ಆದರೆ ಒಂದು ಷರತ್ತು ಇರುತ್ತದೆ: ಹೇಳಿದ ಸಮಯದೊಳಗೆ ಘಟಕ ಚಾಲೂ ಆಗಬೇಕು. ತಡವಾದರೆ ಚಾಲೂ ಆದ ದಿನದ ದರ ಅನ್ವಯಿಸಬಹುದು. ದರ ವರ್ಷ ವರ್ಷ ಇಳಿಯುವ ಕಾಲದಲ್ಲಿ ಕೆಲವು ತಿಂಗಳ ತಡ ಅಂದರೆ ಅರ್ಧ ಆದಾಯ ಹೋದ ಹಾಗೆ.

ಇದು ಎಷ್ಟು ದೊಡ್ಡ ವಿಷಯ ಅನ್ನುವುದು ರೈತರ ಸೋಲಾರ್ ಯೋಜನೆಯಲ್ಲಿ ಕಂಡಿತು. 2014ರಲ್ಲಿ ರಾಜ್ಯ ಸರ್ಕಾರ ಜಮೀನು ಇರುವ ರೈತರಿಗೆ 1ರಿಂದ 3 ಮೆಗಾವ್ಯಾಟ್ ಘಟಕ ಹಾಕಲು ಅವಕಾಶ ಕೊಟ್ಟಿತು. ದರ ಯೂನಿಟ್‌ಗೆ 8.40. ಭೂ ಪರಿವರ್ತನೆ, ಲೈನ್ ಜೋಡಣೆಯಂಥ ಮಂಜೂರಾತಿಗಳು ತಡವಾದವು, ಘಟಕಗಳೂ ತಡವಾದವು. ಹಾಗೆ ತಡವಾದ ಒಂದು ಘಟಕದ ದರವನ್ನು ಆಯೋಗ 4.36ಕ್ಕೆ ಇಳಿಸಿತು. ಪ್ರಕರಣ ದೆಹಲಿಯ ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿಗೆ ಹೋಯಿತು. ತಡವಾಗಿದ್ದು ಸರ್ಕಾರಿ ಕಚೇರಿಗಳಿಂದ, ಉತ್ಪಾದಕರ ತಪ್ಪಲ್ಲ ಅಂತ ಅದು ಹೇಳಿತು. ಬೆಂಗಳೂರು ಕಡೆಯ ವಿತರಣಾ ಕಂಪನಿ ಬೆಸ್ಕಾಂ ಸುಪ್ರೀಂ ಕೋರ್ಟ್‌ಗೆ ಹೋಯಿತು. 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಉತ್ಪಾದಕರ ಪರವಾಗಿಯೇ ತೀರ್ಪು ಕೊಟ್ಟಿತು. ಹಿರೇಹಳ್ಳಿ ಪ್ರಕರಣ ಅಂತ ಇದಕ್ಕೆ ಹೆಸರು. ತಡಕ್ಕೆ ಕಾರಣ ಯಾರು ಅನ್ನುವುದನ್ನು ಕಾಗದದಲ್ಲಿ ತೋರಿಸಬಲ್ಲವರಿಗೆ ಇದು ದೊಡ್ಡ ಆಸರೆ.

ಕರೆಂಟ್ ಹೋದಾಗ ಸೋಲಾರೂ ಯಾಕೆ ನಿಲ್ಲುತ್ತೆ?

ಬಿಸಿಲು ಸುಡುತ್ತಿದ್ದರೂ ಬೀದಿಯಲ್ಲಿ ಕರೆಂಟ್ ಹೋದ ಕೂಡಲೇ ಬ್ಯಾಟರಿ ಇಲ್ಲದ ತಾರಸಿ ಘಟಕವೂ ಆಫ್ ಆಗುತ್ತದೆ. ಹಾಳಾಗಿದೆ ಅಂತ ದೂರು ಕೊಡುವವರಿದ್ದಾರೆ. ಹಾಳಾಗಿಲ್ಲ, ಹಾಗೇ ಮಾಡಿರುತ್ತಾರೆ. ಲೈನ್ ಆಫ್ ಮಾಡಿ ಪವರ್‌ಮ್ಯಾನ್ ಕಂಬ ಹತ್ತಿರುತ್ತಾರೆ. ಆ ಹೊತ್ತಿಗೆ ನಮ್ಮ ತಾರಸಿಯಿಂದ ಕರೆಂಟ್ ಲೈನಿಗೆ ಹರಿದರೆ ಅವರ ಜೀವಕ್ಕೇ ಅಪಾಯ. ಅದಕ್ಕೇ ಲೈನಿನಲ್ಲಿ ಕರೆಂಟ್ ಕಾಣದಿದ್ದರೆ ಇನ್ವರ್ಟರ್ ತಾನೇ ನಿಲ್ಲಬೇಕು ಅನ್ನುವ ನಿಯಮ. ಇದರಲ್ಲಿ ರಿಯಾಯಿತಿ ಕೇಳುವ ಮಾತೇ ಇಲ್ಲ.

ಮಂಡ್ಯದ ನೀರು, ಕಬ್ಬು, ತೆಂಗಿನ ಗರಿ

ಸಣ್ಣ ಉತ್ಪಾದಕರು ಅಂದರೆ ತಾರಸಿಯವರು ಮಾತ್ರ ಅಲ್ಲ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ಕಾವೇರಿ ನೀರಿನಿಂದ ಕರೆಂಟ್ ಮಾಡಿ ಕೋಲಾರದ ಚಿನ್ನದ ಗಣಿಗೆ ಕಳಿಸಿದ ಜಿಲ್ಲೆ ಇದು. ಅಂದು ಉತ್ಪಾದಕ, ಸಾಗಿಸುವವರು, ಬೆಲೆ ಹೇಳುವವರು ಎಲ್ಲಾ ಮೈಸೂರು ಸರ್ಕಾರವೇ. ಇಂದು ಖಾಸಗಿಯವರ ಸಣ್ಣ ಜಲವಿದ್ಯುತ್ ಘಟಕಗಳಿವೆ. ನಮ್ಮ ದೇಶದಲ್ಲಿ 25 ಮೆಗಾವ್ಯಾಟ್‌ವರೆಗಿನದು ಸಣ್ಣದು ಅಂತ ಲೆಕ್ಕ. ತಾರಸಿಯವರಿಗೆ ಇದು ಸಣ್ಣದು ಅನ್ನಿಸಲಿಕ್ಕಿಲ್ಲ.

ಸಕ್ಕರೆ ಕಾರ್ಖಾನೆಗಳದ್ದು ಇನ್ನೊಂದು ಕಥೆ. ಕಬ್ಬು ಅರೆದು ಉಳಿದ ಸಿಪ್ಪೆಯನ್ನು ಉರಿಸಿ ಹಬೆ ಮಾಡುತ್ತಾರೆ, ಹಬೆಯಿಂದ ಟರ್ಬೈನ್ ತಿರುಗುತ್ತದೆ, ಅದೇ ಹಬೆ ರಸ ಕಾಯಿಸಲೂ ಬೇಕು. ಒಂದೇ ಉರಿಯಲ್ಲಿ ಎರಡು ಕೆಲಸ. ಇದಕ್ಕೆ ಕೋಜನರೇಶನ್ ಅನ್ನುತ್ತಾರೆ. ಮಳವಳ್ಳಿ ತಾಲ್ಲೂಕಿನಲ್ಲೇ 2001ರಲ್ಲಿ 4.5 ಮೆಗಾವ್ಯಾಟ್‌ನ ಒಂದು ಘಟಕ ಶುರುವಾಗಿತ್ತು. ಅದಕ್ಕೆ ಉರುವಲು ತೆಂಗಿನ ಗರಿ, ಕಬ್ಬಿನ ರವುದಿ, ಅಂದರೆ ಒಣಗಿದ ಸೋಗೆ.

ಇವಕ್ಕೆಲ್ಲ ಒಂದೇ ದರ ಕೊಡಲಾಗದು. ಸೂರ್ಯ ಪುಕ್ಕಟೆ, ಒಮ್ಮೆ ಪ್ಯಾನೆಲ್ ಹಾಕಿದರೆ ಇಂಧನ ಖರ್ಚಿಲ್ಲ. ಗರಿ, ರವುದಿಯನ್ನು ರೈತರಿಂದ ಕೊಂಡು ಗಾಡಿಯಲ್ಲಿ ತರಬೇಕು, ಆ ಖರ್ಚು ವರ್ಷವರ್ಷ ಏರುತ್ತದೆ. ನೀರಿನ ಘಟಕಕ್ಕೆ ಇಂಧನ ಪುಕ್ಕಟೆಯಾದರೂ ನಾಲೆಗೆ ನೀರು ಬಿಡುವುದು ಅವರ ಕೈಯಲ್ಲಿಲ್ಲ, ಮಳೆ ಮತ್ತು ನೀರಾವರಿ ಇಲಾಖೆಯ ಕೈಯಲ್ಲಿದೆ. ಅದಕ್ಕೇ ಆಯೋಗ ಪ್ರತಿ ಮೂಲಕ್ಕೂ ಬೇರೆ ಬೇರೆ ದರದ ಆದೇಶ ಹೊರಡಿಸುತ್ತದೆ.

ವೀಲಿಂಗ್, ಬ್ಯಾಂಕಿಂಗ್

ಸ್ವಲ್ಪ ದೊಡ್ಡ ಉತ್ಪಾದಕರು ಸೆಸ್ಕ್‌ಗೇ ಮಾರಬೇಕಿಲ್ಲ. ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಗೆ ನೇರವಾಗಿ ಮಾರಬಹುದು. ಅದಕ್ಕೆ ಓಪನ್ ಆಕ್ಸೆಸ್ ಅಂತ ಹೆಸರು. ಕರೆಂಟ್ ಸಾಗುವುದು ಸೆಸ್ಕ್, ಕೆಪಿಟಿಸಿಎಲ್ ತಂತಿಯಲ್ಲೇ. ಆ ತಂತಿಯ ಬಾಡಿಗೆಯೇ ವೀಲಿಂಗ್ ಶುಲ್ಕ.

ಬ್ಯಾಂಕಿಂಗ್ ಅಂದರೆ ಮಳೆಗಾಲದಲ್ಲಿ ಜಾಸ್ತಿ ಬಂದ ಯೂನಿಟ್‌ಗಳನ್ನು ಲೆಕ್ಕದಲ್ಲಿ ಜಮಾ ಇಟ್ಟು ಬೇಸಿಗೆಯಲ್ಲಿ ವಾಪಸ್ ಪಡೆಯುವುದು. ಇದು ಪುಸ್ತಕದ ಜಮಾ ಮಾತ್ರ, ನಿಜವಾದ ಕರೆಂಟ್ ಅಂದೇ ಖರ್ಚಾಗಿರುತ್ತದೆ. ಹಾಗಾಗಿ ಎಷ್ಟು ದಿನ ಜಮಾ ಇಡಬಹುದು ಅನ್ನುವುದರ ಮೇಲೇ ಕಿತ್ತಾಟ. ನದಿ ನಂಬಿದವರಿಗೆ ವರ್ಷದ ಲೆಕ್ಕ ಬೇಕು, ವಿತರಣಾ ಕಂಪನಿಗೆ ಅವಧಿ ಚಿಕ್ಕದಾದಷ್ಟೂ ಒಳ್ಳೆಯದು. ಕೇಂದ್ರ ಸರ್ಕಾರ 2022ರಲ್ಲಿ ತಂದ ಹಸಿರು ಇಂಧನ ಓಪನ್ ಆಕ್ಸೆಸ್ ನಿಯಮಗಳು ತಿಂಗಳ ಲೆಕ್ಕ ಹೇಳಿದ್ದವು. ಸಣ್ಣ ಜಲವಿದ್ಯುತ್ ಉತ್ಪಾದಕರು ಹೈಕೋರ್ಟ್‌ಗೆ ಹೋದರು. 2024ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ ಆ ನಿಯಮಗಳನ್ನು ರದ್ದು ಮಾಡಿತು. ಈ ವಿಷಯದಲ್ಲಿ ನಿಯಮ ಮಾಡುವ ಅಧಿಕಾರ ಕೇಂದ್ರದ್ದಲ್ಲ, ಆಯೋಗದ್ದು ಅನ್ನುವುದು ತೀರ್ಪಿನ ತಿರುಳು.

ನಾವು ಹೇಳುವುದಕ್ಕೆ ಜಾಗ ಎಲ್ಲಿದೆ?

ದರದ ಬಗ್ಗೆ ಮಾತಾಡುವ ಜಾಗ ನಮಗೂ ಇದೆ, ಅದನ್ನು ಜನ ಬಳಸಿಕೊಳ್ಳುವುದು ಕಡಿಮೆ ಅನ್ನುವುದೇ ನನ್ನ ಬೇಸರ. ದರ ಬದಲಾಗಬೇಕಾದರೆ ಸೆಸ್ಕ್ ಆಯೋಗಕ್ಕೆ ಅರ್ಜಿ ಹಾಕಬೇಕು. ಅದರ ವಿವರ ಪತ್ರಿಕೆಯಲ್ಲಿ ಪ್ರಕಟವಾಗುತ್ತದೆ. ಯಾರು ಬೇಕಾದರೂ ಆಕ್ಷೇಪಣೆ ಬರೆದು ಕಳಿಸಬಹುದು, ವಕೀಲರು ಬೇಕಿಲ್ಲ. ಸಾರ್ವಜನಿಕ ವಿಚಾರಣೆಗೆ ಆಯೋಗದವರು ಮೈಸೂರಿಗೇ ಬರುತ್ತಾರೆ. ಅಲ್ಲಿ ಕೈಗಾರಿಕಾ ಸಂಘದವರು ಅಂಕಿಅಂಶ ಹಿಡಿದು ಮಾತಾಡುತ್ತಾರೆ, ರೈತ ಸಂಘದವರು ಮಾತಾಡುತ್ತಾರೆ. ತಾರಸಿ ಸೋಲಾರ್‌ನವರೂ ತಮ್ಮ ಬಿಲ್ ಹಿಡಿದು ಹೋಗಬಹುದು.

ಸೋಲಾರ್ ಹಾಕಿಸಲು ಕೊಡುವ ಅರ್ಜಿಯ ಹಂತದ ತೊಂದರೆಗೆ ಬೇರೆ ನಿಯಮಗಳಿವೆ. ಗ್ರಾಹಕರ ಹಕ್ಕುಗಳ ಬಗ್ಗೆ ಕೇಂದ್ರ 2020ರಲ್ಲಿ ತಂದ ನಿಯಮಗಳಿಗೆ 2024ರ ಫೆಬ್ರವರಿಯಲ್ಲಿ ತಿದ್ದುಪಡಿ ಆಯಿತು. ಅದರಂತೆ 10 ಕಿಲೋವ್ಯಾಟ್‌ವರೆಗಿನ ತಾರಸಿ ಅರ್ಜಿಗೆ ತಾಂತ್ರಿಕ ಪರಿಶೀಲನೆ ಬೇಡ, ಒಪ್ಪಿದ ಹಾಗೆಯೇ ಲೆಕ್ಕ. ಅದಕ್ಕಿಂತ ದೊಡ್ಡದಕ್ಕೆ ಪರಿಶೀಲನೆ 15 ದಿನದಲ್ಲಿ ಮುಗಿಯಬೇಕು. ಘಟಕ ಸಿದ್ಧವಾದ ಮೇಲೆ ಒಪ್ಪಂದ, ಮೀಟರ್, ಚಾಲನೆಗೂ 15 ದಿನ.

ಬಿಲ್ ತಪ್ಪಾದರೆ ಮೊದಲು 1912ಕ್ಕೆ ಫೋನ್ ಅಥವಾ ಉಪವಿಭಾಗ ಕಚೇರಿಗೆ ಅರ್ಜಿ. ಅಲ್ಲಿ ಸರಿಹೋಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅದರ ಮೇಲೆ ವಿದ್ಯುತ್ ಓಂಬುಡ್ಸ್‌ಮನ್. ಆಯೋಗದ ಆದೇಶವೇ ಸರಿಯಿಲ್ಲ ಅನ್ನಿಸಿದರೆ 45 ದಿನದೊಳಗೆ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು.

ಎಲ್ಲಿಗೆ ಹೋದರೂ ಕೇಳುವ ಕಾಗದಗಳು ಅವೇ: ಆರ್‌ಆರ್ ನಂಬರ್ ಇರುವ ಬಿಲ್, ಅರ್ಜಿ ಕೊಟ್ಟ ಸ್ವೀಕೃತಿ, ಸಹಿ ಆದ ಒಪ್ಪಂದ, ಘಟಕ ಚಾಲೂ ಆದ ದಿನದ ವರದಿ. ಒಪ್ಪಂದದಲ್ಲಿ ದರ ಬರೆದಿರುವ ಪುಟ, ಅವಧಿ ಬರೆದಿರುವ ಪುಟ ಎರಡನ್ನೂ ಸಹಿ ಹಾಕುವ ಮೊದಲೇ ಓದಿ. ಏಜೆನ್ಸಿಯವರು "ಎಲ್ಲಾ ನಾವೇ ಮಾಡಿಸ್ತೀವಿ" ಅಂದರೂ ಒಂದು ಪ್ರತಿ ಕೇಳಿ ಇಸ್ಕೊಳ್ಳಿ.